ಕಾರವಾರದಲ್ಲಿ ನಾನೆಬ್ಬಿಸಿದ ಗಾಳಿ

ನಾನು ಸಮುದ್ರ ನೋಡಿರುವುದು ಒಟ್ಟು ಎರಡೇ ಸಲ. ಎರಡು ಸಲವೂ ವಾಂತಿ ಮಾಡಿಕೊಂಡಿದ್ದೇನೆ. ಹೀಗಿದ್ದೂ ತೊಂಬತ್ತರ ದಶಕದ ಕೊನೆಯ ಒಂದು ಚೈತ್ರಮಾಸದಲ್ಲಿ, ಬಸವನಗುಡಿಯ ಮಟ್ಟಿಗೆ, ಅರಬ್ಬೀ ಸಮುದ್ರದ ಗಾಳಿ, ನೀರು, ಅಲೆಗಳ ವಿಷಯದಲ್ಲಿ ನನ್ನದೇ ಕೊನೆಯ ಮಾತಾಗಿತ್ತು. ಗೊತ್ತಿಲ್ಲದ ವಿಷಯವನ್ನು ಗತ್ತಿನಿಂದ ಮಾತಾಡುವುದು ನಮ್ಮ ಕಡೆ ಅಪರೂಪವೇನಲ್ಲ. ಗಾಂಧಿ ಬಜಾರಿನಲ್ಲಿ ಅರ್ಧ ಕಾಫಿ ಮುಗಿಯುವುದರೊಳಗೆ ದೆಹಲಿಯ ಸರ್ಕಾರವನ್ನು ಇಳಿಸಿ ಇನ್ನೊಂದನ್ನು ಕೂರಿಸುವವರು ನನಗೆ ಗೊತ್ತು. ಆದರೆ ಅವರ ಮಾತಿನಿಂದ ಯಾವ ಸರ್ಕಾರಕ್ಕೂ ಏನೂ ಆಗುವುದಿಲ್ಲ. ನನ್ನ ಮಾತಿನಿಂದ ಒಬ್ಬರಿಗೆ ಆಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನಿಮಗೆ ಹೇಳುವ ಧೈರ್ಯ ಬಂದಿರುವುದು, ಹೇಳುವಾಗ ನೀವು ನನ್ನ ಮುಖ ನೋಡುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಪ್ರಹ್ಲಾದರಾಯರು ಚಾಮರಾಜಪೇಟೆಯ ನಮ್ಮ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ನಾನು ಅವರ ಕೈಕೆಳಗಿನ ಗುಮಾಸ್ತ. ಅದಕ್ಕೆ ಮುಂಚೆ ಅವರು ಆರು ವರ್ಷ ಕಾರವಾರದಲ್ಲಿದ್ದರು. ಆ ಕಡೆಗೆ ವರ್ಗವಾಗಿ ಹೋದವರು ಬರುವಾಗ ಗೋಡಂಬಿ ತರುತ್ತಾರೆ. ರಾಯರು ಮೀನು ಹಿಡಿಯುವ ಚಟ ತಂದರು. ಅದೂ ಎಂಥ ಮೀನು ಹಿಡಿಯುವುದು! ಬಲೆಯಿಲ್ಲ, ಎರೆಹುಳುವಿಲ್ಲ. ಹಡಗಿನ ನಿವೃತ್ತ ಕ್ಯಾಪ್ಟನ್ ಒಬ್ಬರು ಕಲಿಸಿಕೊಟ್ಟ ಫ್ಲೈ ಫಿಶಿಂಗ್. ಕೊಕ್ಕೆಗೆ ದಾರ, ಪುಕ್ಕ ಸುತ್ತಿ ಒಂದು ಸುಳ್ಳು ನೊಣ ಮಾಡಬೇಕು. ಬಳುಕುವ ಕೋಲಿನಿಂದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನೊಣವನ್ನು ಮೀನಿನ ಮೂತಿಯ ಮುಂದೆ ಹಗುರವಾಗಿ ಇಳಿಸಬೇಕು. ಮೀನು ಮೋಸಹೋದರೆ ಎಳೆದು, ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿ, ಮತ್ತೆ ನೀರಿಗೇ ಬಿಡಬೇಕು. ಏಕೆಂದರೆ ರಾಯರು ಈರುಳ್ಳಿಯನ್ನೂ ಮುಟ್ಟದ ಮಾಧ್ವರು. "ತಿನ್ನೋದಾದ್ರೆ ಆ ಪಾಪಕ್ಕೆ ಒಂದು ಕಾರಣ ಆದ್ರೂ ಇರ್ತಿತ್ತು. ಇವರದ್ದು ಬರೀ ಪಾಪ" ಎಂದು ಅವರ ಹೆಂಡತಿ ಸುಶೀಲಮ್ಮ ಹೇಳುತ್ತಿದ್ದರು. ಕೋಳಿಪುಕ್ಕ ಹೊಸಿಲು ದಾಟಲು ಆಕೆ ಬಿಡಲಿಲ್ಲ. ನವಿಲುಗರಿಗೆ ಅಡ್ಡಿಯಿರಲಿಲ್ಲ, ಅದು ಕೃಷ್ಣನದು. ಹಾಗಾಗಿ ರಾಯರ ನೊಣಗಳೆಲ್ಲ ನವಿಲುಗರಿಯವೇ ಆಗಿದ್ದವು.

ನಿವೃತ್ತರಾದ ಮೇಲೆ ಅವರು ಮಹಡಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ತುದಿಯಲ್ಲಿ ಒಂದು ಸ್ಟೀಲ್ ತಟ್ಟೆ. ನೊಣ ಅದರೊಳಗೆ ಸದ್ದಾಗದಂತೆ ಇಳಿಯಬೇಕು. ಸದ್ದಾಯಿತೋ ಇಲ್ಲವೋ ಹೇಳಲು ನಾನು ಬೇಕಾಗಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ರಾಯರ ಕಿವಿ ಹೆಚ್ಚುಕಡಿಮೆ ಕೈಕೊಟ್ಟಿತ್ತು. ಒಮ್ಮೆ ನೊಣ ಪಕ್ಕದ ಮನೆಯ ಮಹಡಿಗೆ ಹಾರಿ, ಅಲ್ಲಿ ಒಣಗುತ್ತಿದ್ದ ಸಂಡಿಗೆಯನ್ನು ಪಂಚೆಯ ಸಮೇತ ನಮ್ಮ ಕಡೆಗೆ ಎಳೆದು ತಂದಿತು. ನಾನೇಕೆ ಇದಕ್ಕೆಲ್ಲ ಹೋಗುತ್ತಿದ್ದೆನೆಂದರೆ, ನನ್ನ ತಂದೆ ತೀರಿಕೊಂಡಾಗ ನಾನು ಕರ್ಮಾಂತರ ಮುಗಿಸಿ ಬರುವವರೆಗೂ ನನ್ನ ಮೇಜಿನ ಕೆಲಸವನ್ನೆಲ್ಲ ಮ್ಯಾನೇಜರೇ ಕೂತು ಮಾಡಿದ್ದರು. ಅದನ್ನು ಮರೆಯುವ ಹಾಗಿರಲಿಲ್ಲ. ಇದೇ ದಾಕ್ಷಿಣ್ಯಕ್ಕೆ ಒಂದು ವರ್ಷ ಅವರ ಜೊತೆ ಕಾರವಾರಕ್ಕೂ ಹೋದೆ. ಅರಬೈಲು ಘಾಟಿಯ ಪ್ರತಿ ತಿರುವಿನಲ್ಲೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ. ಉಳಿದದ್ದು ದೋಣಿಯಲ್ಲಿ ಆಯಿತು. ಸಾಲದ್ದಕ್ಕೆ, ಹಿಂದಕ್ಕೆ ಬೀಸಿದ ನೊಣ ನನ್ನ ಎಡಗಿವಿಗೆ ಕಚ್ಚಿಕೊಂಡಿತು. ಆ ವರ್ಷ ರಾಯರು ಹಿಡಿದ ಅತಿ ದೊಡ್ಡ ಪ್ರಾಣಿ ನಾನೇ. ನಿಯಮದಂತೆ ಬಿಡಿಸಿ ಬಿಟ್ಟುಬಿಟ್ಟರು.

ಈಗ ಹೇಳಬೇಕಾದ ವರ್ಷಕ್ಕೆ ಬರುತ್ತೇನೆ. ಯುಗಾದಿಗೆ ಸ್ವಲ್ಪ ಮುಂಚೆ ರಾಯರು ಎದೆನೋವಿನಿಂದ ಆಸ್ಪತ್ರೆ ಸೇರಿ ವಾಪಸು ಬಂದಿದ್ದರು. "ಸಮುದ್ರಕ್ಕೆ ಹೋಗೋದಿದ್ರೆ ಈಗ್ಲೇ ಒಂದ್ಸಲ ಹೋಗ್ಬನ್ನಿ, ಜೊತೆಗೆ ಯಾರಾದ್ರೂ ಇರ್ಲಿ. ಮುಂದಿನ ವರ್ಷದ ಮಾತು ನಾನು ಹೇಳಲ್ಲ" ಎಂದು ಡಾಕ್ಟರು ಹೇಳಿದರಂತೆ. ಸುಶೀಲಮ್ಮ ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದು, "ಮೂರ್ತಿ, ನೀನು ಹೋಗೋದಾದ್ರೆ ಕಳಿಸ್ತೀನಿ. ಆದ್ರೆ ಗಾಳಿ ಇದ್ರೆ ಬೇಡಪ್ಪ. ಗಾಳಿಗೆ ಎದುರು ಬೀಸಕ್ಕೆ ಅವರ ಕೈಲಾಗಲ್ಲ, ಆಗಲ್ಲ ಅಂತ ಅವರು ಬಿಡೋರೂ ಅಲ್ಲ" ಎಂದರು. ನಾನು ಆಗಲಿ ಎಂದೆ.

ಯಾವಾಗ ಹೋಗಬೇಕೆಂಬುದನ್ನು ರಾಯರು ಪಂಚಾಂಗ ನೋಡಿ ನಿಶ್ಚಯಿಸುತ್ತಿದ್ದರು. ಮುಹೂರ್ತಕ್ಕಲ್ಲ, ತಿಥಿಗೆ. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೆಳಗಿನ ಹೊತ್ತು ಸಮುದ್ರದ ನೀರು ಏರುತ್ತದೆ, ಅದರ ಜೊತೆ ಚೋಣಕ್ ಎಂಬ ದೊಡ್ಡ ಮೀನು ಒಳಗೆ ಬರುತ್ತದೆ. ಸುಶೀಲಮ್ಮ ಏಕಾದಶಿಗೆಂದು ತೆರೆದ ಪುಟದಲ್ಲೇ ರಾಯರು ಮೀನು ಹುಡುಕುತ್ತಿದ್ದರು. ಆದರೆ ಗಾಳಿಯೂ ನೀರಿನ ಬಣ್ಣವೂ ಪಂಚಾಂಗದಲ್ಲಿ ಇರುವುದಿಲ್ಲ. ಚೈತ್ರದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದವರೆಗೆ ಸಮುದ್ರ ಸುಮ್ಮನಿರುತ್ತದೆ, ವೈಶಾಖ ಕಳೆಯುತ್ತ ಗಾಳಿ ಎದ್ದು ನೀರು ಕದಡುತ್ತದೆ; ಆಯಾ ದಿನದ ಸುದ್ದಿಗೆ ಮಾತ್ರ ಕಾರವಾರದ ದೋಣಿಯ ನಾರಾಯಣನನ್ನೇ ಕೇಳಬೇಕು. ರಾಯರಿಗೆ ಫೋನು ಕೇಳಿಸದು. ಆದ್ದರಿಂದ ಚೈತ್ರ ಹುಣ್ಣಿಮೆ ಹತ್ತಿರ ಬಂದಾಗ, ದಿನಾ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ವರದಿ ಒಪ್ಪಿಸುವ ಕೆಲಸ ನನಗೆ ಬಿತ್ತು.

ಮೊದಲ ದಿನ ನಾರಾಯಣ, "ಗಾಳಿ ಇಲ್ಲ ಮಾರಾಯ್ರೆ. ನೀರು ತಿಳಿ ಉಂಟು, ತಳದ ಮರಳು ಕಾಣ್ತದೆ. ರಾಯರನ್ನ ಕರ್ಕೊಂಡು ಬನ್ನಿ" ಎಂದ. ಬೂತಿನಿಂದ ರಾಯರ ಮನೆಗೆ ಐದು ನಿಮಿಷದ ದಾರಿ. ಆ ಐದು ನಿಮಿಷದಲ್ಲಿ ನನಗೆ ಅರಬೈಲು ಘಾಟಿಯ ಎಲ್ಲ ತಿರುವುಗಳೂ ನೆನಪಾದವು. ರಾಯರು ಗೇಟಿನಲ್ಲೇ ನಿಂತಿದ್ದರು. ನಾನು ಬಾಯಿ ತೆರೆದೆ. "ಗಾಳಿ ಸಾರ್! ಜೋರು ಗಾಳಿ!" ಎಂದು ಹೊರಗೆ ಬಂತು. ಅವರ ಕಿವಿಗೆ ಮುಟ್ಟಲೆಂದು ಎಷ್ಟು ಕಿರುಚಿದೆನೆಂದರೆ, ಪಕ್ಕದ ಮಹಡಿಯ ಹೆಂಗಸು ಗಾಬರಿಯಾಗಿ ಸಂಡಿಗೆಯ ಪಂಚೆಯ ನಾಲ್ಕು ಮೂಲೆಗೂ ಕಲ್ಲು ಹೇರಿದರು.

ಒಂದು ಸುಳ್ಳು ಹೇಳುವುದು ಕಷ್ಟ. ಎರಡನೆಯದು ಅಭ್ಯಾಸಬಲದಿಂದ ತಾನೇ ಬರುತ್ತದೆ. ಎರಡನೆಯ ದಿನ ಮತ್ತೆ ಗಾಳಿ ಬೀಸಿಸಿದೆ. ಮೂರನೆಯ ದಿನ ನೀರು ಕದಡಿಸಿದೆ. ನಾಲ್ಕನೆಯ ದಿನ ಅಳಿವೆಯ ತುಂಬ, ಮೈಗೆ ತಾಗಿದರೆ ಉರಿಯುವ ಲೋಳೆಮೀನು ತುಂಬಿಸಿದೆ. ರಾಯರಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ಪ್ರತಿದಿನ ಚೀಲ ಬಿಚ್ಚಿ, ದಾರದ ಗಾಲಿಗೆ ಎಣ್ಣೆ ಹಾಕಿ, ಮತ್ತೆ ಕಟ್ಟಿಡುತ್ತಿದ್ದರು. "ನಾಳೆ ನೋಡೋಣ" ಎನ್ನುತ್ತಿದ್ದರು. ಐದನೆಯ ದಿನ ನಾನು ಮತ್ತೆ ಗಾಳಿ ಎಂದಾಗ ನನ್ನ ಕೈ ಹಿಡಿದುಕೊಂಡು, "ನಾರಾಯಣಂಗೆ ಹೇಳಪ್ಪ, ಇಂಥ ಗಾಳೀಲಿ ದೋಣಿ ಇಳಿಸ್ಬೇಡ ಅಂತ. ಮಕ್ಕಳೊಂದಿಗ ಅವನು" ಎಂದರು. ಆಗಲಾದರೂ ನಿಜ ಹೇಳಿಬಿಡಬೇಕಾಗಿತ್ತು. ನನಗೆ ತುಂಬ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಬಸ್ಸಿನ ಭಯ ಒಂದು ಹಿಡಿ ಜಾಸ್ತಿಯೇ ಇತ್ತು. ಮಾರನೆಯ ಬೆಳಿಗ್ಗೆ ನಾರಾಯಣನಿಗೆ ಆ ಸಂದೇಶವನ್ನು ಮುಟ್ಟಿಸಿದೆ. "ಯಾವ ಗಾಳಿ?" ಎಂದು ಕೇಳಿದ. ಲೈನು ಸರಿಯಿಲ್ಲವೆಂದು ಫೋನು ಇಟ್ಟೆ.

ಹುಣ್ಣಿಮೆ ಕಳೆಯಿತು. ಮುಂದಿನ ಹುಣ್ಣಿಮೆಗೆ ನಾನು ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ, ನಿಜವಾದ ಗಾಳಿ ಬಂದಿತ್ತು. ಶ್ರಾವಣದಲ್ಲಿ ರಾಯರು ಹೋಗಿಬಿಟ್ಟರು.

ನಾರಾಯಣನಿಗೂ ತಿಳಿಸು ಎಂದು ಸುಶೀಲಮ್ಮ ಹೇಳಿದರು. ತಿಳಿಸಿದೆ. ಅವನು, "ಆ ಹುಣ್ಣಿಮೆಗೆ ದೋಣಿ ತೊಳ್ದು ಕಾದಿದ್ದೆ ಮಾರಾಯ್ರೆ. ಯಾಕೆ ಬರ್ಲಿಲ್ಲ?" ಎಂದ.

"ಗಾಳಿ ಜಾಸ್ತಿ ಇತ್ತು" ಎಂದೆ.

"ಎಲ್ಲಿ? ಬೆಂಗಳೂರಲ್ಲಾ?"

"ಹೌದು."

"ಹಾಗಾದ್ರೆ ಕಷ್ಟವೇ" ಎಂದ. ಅವನೂ ನಂಬಿದ.

ವೈಕುಂಠ ಸಮಾರಾಧನೆಯ ದಿನ ನೆಂಟರಿಷ್ಟರೆಲ್ಲ ಎಲೆಯ ಮುಂದೆ ಕೂತಿದ್ದಾಗ ಸುಶೀಲಮ್ಮ ಬಂದು ನನ್ನ ಮುಂದೆ ನಿಂತರು. "ಆ ಹುಣ್ಣಿಮೆ ಹೊತ್ತಿಗೆ ನನ್ನ ತಂಗಿ ಗೋಕರ್ಣಕ್ಕೆ ಹೋಗಿದ್ಲು. ಒಂದು ಎಲೆ ಅಲ್ಲಾಡ್ತಿರ್ಲಿಲ್ಲ ಅಂದ್ಲು" ಎಂದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆಕೆ ಎಲ್ಲರ ಕಡೆಗೆ ತಿರುಗಿ, "ಇವರ ಎದೆ ತಡೆಯಲ್ಲ ಅಂತ ಈ ಮೂರ್ತಿ ದಿನಾ ಸುಳ್ಳು ಹೇಳ್ದ. ಪಾಪ, ಅವರ ಮೇಲಿನ ಪ್ರೀತಿಗೆ ಆ ಪಾಪ ಕಟ್ಕೊಂಡ. ಹೊಟ್ಟೇಲಿ ಹುಟ್ಟಿದ ಮಕ್ಕಳೂ ಇಷ್ಟು ಮಾಡಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ರಾಯರ ಎದೆಯ ಬಗ್ಗೆ ಯೋಚಿಸಿರಲೇ ಇಲ್ಲ. ನನ್ನ ಹೊಟ್ಟೆಯ ಬಗ್ಗೆ ಯೋಚಿಸಿದ್ದೆ. ಅದನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. "ಅದೇನ್ ಮಹಾ ಬಿಡೀಮ್ಮ" ಎಂದೆ. ಎಷ್ಟು ವಿನಯದಿಂದ ಅಂದೆನೆಂದರೆ, ಪಕ್ಕದ ಎಲೆಯ ಹಿರಿಯರೊಬ್ಬರು ಗದ್ಗದಿತರಾಗಿ, ಬಡಿಸುವವರನ್ನು ಕೂಗಿ ನನ್ನ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿದರು. ಬೇಡ ಎನ್ನಬೇಕಾಗಿತ್ತು. ತುಪ್ಪ ಹಾಕಿಸಿಕೊಂಡೆ.