ಸೆರಗಿನ ಹೆಸರೂ ಲಿನಕ್ಸ್ ಅಪ್‌ಡೇಟೂ

ಕಂಪ್ಯೂಟರ್ ತಾನಾಗಿಯೇ "ಹೊಸ ಅಪ್‌ಡೇಟ್ ಸಿದ್ಧವಿದೆ" ಎಂದು ಹೇಳಿದಾಗ ಬೇಡ ಎನ್ನುವಷ್ಟು ಮರ್ಯಾದೆಗೆಟ್ಟವನು ನಾನಲ್ಲ. ಒತ್ತಿದೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದು ಹೆಂಡತಿ ಪದ್ಮಳಿಗೆ ಭರವಸೆಯನ್ನೂ ಕೊಟ್ಟೆ.

ಆವತ್ತು ಹಿಂದೂಪುರದ ನಮ್ಮ ಮನೆಯ ಮಗ್ಗದಲ್ಲಿದ್ದದ್ದು ಪದ್ಮಳ ತಮ್ಮನ ಮಗಳು ಶ್ರಾವಣಿಯ ಮುಹೂರ್ತದ ಸೀರೆ. ಒಡಲು ಮುಗಿದು ಸೆರಗು ಮಾತ್ರ ಬಾಕಿ. ಸೆರಗಿನ ಮೇಲೆ ವಧೂವರರ ಹೆಸರು ಜರಿಯಲ್ಲಿ ಮೂಡಲೇಬೇಕೆಂದು ಪಣ ತೊಟ್ಟು ನಾನೇ ಡಿಸೈನ್ ಮಾಡಿದ್ದೆ. ಲಿನಕ್ಸ್ ಕಂಪ್ಯೂಟರ್ ಡಿಸೈನನ್ನು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಕಳಿಸುತ್ತದೆ, ಮಗ್ಗ ಅದನ್ನು ನೇಯುತ್ತದೆ. ಸೀರೆ ಸಂಜೆಯ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋಗಬೇಕು. ಮರುದಿನವೇ ಮದುವೆ!

ಕಾಫಿ ಮುಗಿಸಿ ಬಂದೆ. ಕಪ್ಪು ಪರದೆಯ ತುಂಬ ಕೆಂಪು ಅಕ್ಷರದಲ್ಲಿ 'ಫೇಲ್ಡ್', 'ಫೇಲ್ಡ್'! ನನ್ನ ಟೆಂತ್ ಮಾರ್ಕ್ಸ್ ಕಾರ್ಡಿನಲ್ಲೂ ಇಷ್ಟಿರಲಿಲ್ಲ.

"ಏನ್ರೀ ಅದು, ಕೆಂಪ್‌ಕೆಂಪ್ಗೆ ಕಾಣ್ತೈತೆ?"

"ಒಳಗಿನ ಸರ್ವಿಸ್ ಪ್ರೋಗ್ರಾಮ್‌ಗಳು ಎದ್ದಿಲ್ಲ ಕಣೇ. ಎಬ್ಬಿಸ್ತೀನಿ."

"ಬಿರ್ರನೆ ಎಬ್ಬಿಸ್ರಿ. ನಮ್ ತಮ್ಮನ ಮುಂದೆ ನನ್ ಮುಖ ಉಳೀಬೇಕು."

ಡಿಸೈನ್ ಇಟ್ಟಿರುವ ಡಿಸ್ಕ್ ಸಿಗುತ್ತಿಲ್ಲ ಎಂದು ಮೊದಲ ಸಾಲು ಹೇಳುತ್ತಿತ್ತು. ಅದು ಸಿಗದಿದ್ದರಿಂದಲೇ ಮಿಕ್ಕವೆಲ್ಲ ಸರದಿಯಂತೆ ಮಲಗಿದ್ದವು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದದ ನೂಲಿನಲ್ಲಿ, ಒಂದು ಎಳೆ ಕಡಿದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ, ಮೊದಲು ಆ ಎಳೆಯನ್ನು ಹುಡುಕಬೇಕು. ಇದು ನೇಯುವವರ ಮನೆಯ ಮಗುವಿಗೂ ಗೊತ್ತು. ನಾನು ಮಾತ್ರ ಕೊನೆಯ ಸಾಲಿನಿಂದ ಶುರು ಮಾಡಿದೆ!

ಮೊಬೈಲಿನಲ್ಲಿ ಹುಡುಕಿ, ಯಾರೋ "ನನಗೆ ಇದರಿಂದ ಸರಿಹೋಯಿತು, ಧನ್ಯವಾದ" ಎಂದು ಬರೆದಿದ್ದ ಆಜ್ಞೆಗಳನ್ನೆಲ್ಲ ಭಕ್ತಿಯಿಂದ ಟೈಪ್ ಮಾಡಿದೆ. ಅಷ್ಟರಲ್ಲಿ, ಸೀರೆ ಮುಗಿಯಿತಾ ಎಂದು ಅರ್ಧ ತೆಲುಗಿನಲ್ಲಿ ಕೇಳುತ್ತ ಪದ್ಮಳ ತಮ್ಮನ ಫೋನು.

"ಬಾವಾ, ಚೀರ ಅಯಿಪೋಯಿಂದಾ? ಕುಚ್ಚು ಕಟ್ಟೋಳಿಗೆ ಹೇಳ್ಬುಟ್ಟಿದೀನಿ."

"ಕೊನೇ ಹಂತ ಕಣಪ್ಪ!" ಎಂದೆ. ಸೀರೆಯದೋ ನನ್ನದೋ, ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಪವಾಡ ನಡೆಯಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ಪರದೆಯ ಮೇಲೆ ಒಂದೇ ಒಂದು ಕೆಂಪು ಅಕ್ಷರವಿಲ್ಲ!

"ಗೆದ್ದೆ ಕಣೇ!" ಎಂದು ಕೂಗಿದೆ.

"ಮೊದ್ಲು ಮಗ್ಗ ಓಡ್ಲಿ ಬುಡ್ರಿ."

ಮಗ್ಗ ಓಡಲಿಲ್ಲ. ನೋಡಿದರೆ, ಏಳದ ಸರ್ವಿಸ್‌ಗಳನ್ನೆಲ್ಲ ಇನ್ನೆಂದೂ ಏಳಬೇಡಿ ಎಂದು ಆ ಆಜ್ಞೆಗಳಿಂದ ನಾನೇ ಒಂದೊಂದಾಗಿ ಕಟ್ಟಿಹಾಕಿದ್ದೆ. ಏಳುವ ಪ್ರಯತ್ನವನ್ನೇ ಮಾಡದವರು ಫೇಲಾಗುವುದು ಹೇಗೆ? ಆ ಹುಡುಗಿ ಅರ್ಧ ಸೀರೆ ಉಟ್ಟು ಹಸೆಮಣೆ ಏರುವುದು ಕಣ್ಣಮುಂದೆ ಬಂತು. ನಿಜಕ್ಕೂ ಅಳು ಬಂತು.

ಪದ್ಮ ಕೀಬೋರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಮಿಷಿನ್‌ನಾಗೆ ಹಳೇ ಮಾವಿನಕಾಯಿ ಸೆರಗು ಐತಲ್ಲ, ಅದ್ನೇ ನೇಯ್ರಿ. ಹೆಸ್ರು ಬ್ಯಾಡ, ಸೀರೆ ಬೇಕು!"

ಜಕಾರ್ಡ್ ಯಂತ್ರದ ಹೊಟ್ಟೆಯಲ್ಲೇ ಉಳಿದಿದ್ದ ಆ ಹಳೆಯ ಡಿಸೈನಿಗೆ ಕಂಪ್ಯೂಟರಿನ ಹಂಗಿರಲಿಲ್ಲ. ನೇಯ್ದೆವು. ಕೊನೆಯ ಬಸ್ಸಿಗೆ ಸೀರೆ ಹತ್ತಿತು.

ಮದುವೆಯಲ್ಲಿ ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಶ್ರಾವಣಿ ಕಂಡುಹಿಡಿದುಬಿಟ್ಟಳು. ಕ್ಷಮೆ ಕೇಳಲು ಬಾಯಿ ತೆರೆದೆ.

"ಮಾವಾ, ಹೆಸ್ರು ಹಾಕ್ಲಿಲ್ಲ, ಬದುಕ್ಕಂಡೆ! ಹೆಸ್ರಿದ್ರೆ ಆ ಸೀರೆ ಇನ್ನೊಂದ್ಸಲ ಎಲ್ಲಿಗೆ ಉಟ್ಕಂಡು ಹೋಗ್ಲಿ? ಬ್ಯಾಡ ಅಂತ ನಿಮಗೆ ಹೇಳಕ್ಕೆ ನಂಗೂ ಪದ್ಮತ್ತೇಗೂ ಧೈರ್ಯ ಸಾಲ್ಲಿಲ್ಲ."

ನಾನು ಗಂಟಲು ಸರಿಮಾಡಿಕೊಂಡು, "ಅದಕ್ಕೇ ಬಿಟ್ಟೆ ಕಣಮ್ಮ" ಎಂದೆ. ಪಕ್ಕದಲ್ಲಿದ್ದ ಪದ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಮದುವೆಗಾಗಿ ನಾನು ಪಟ್ಟ ಪಾಡಿನಲ್ಲಿ ಎಲ್ಲರಿಗೂ ಮೆಚ್ಚುಗೆಯಾದದ್ದು, ನನ್ನಿಂದ ಆಗದೇ ಹೋದ ಕೆಲಸವೊಂದೇ!