ಮೂರು ಊರು, ಒಂದು ಕಾರ್ಬನ್ ಸರಪಳಿ

ರಸಾಯನಶಾಸ್ತ್ರ ಕಲಿಸುವವನ ಪ್ರಯೋಗಶಾಲೆಯಲ್ಲಿ ಏನಾದರೂ ಸಿಡಿಯುತ್ತದೆ ಎಂದು ಜನ ಹೆದರುತ್ತಾರೆ. ನನ್ನ ಅನುಭವದಲ್ಲಿ ಸಿಡಿಯುವುದೆಲ್ಲ ಕರಿಹಲಗೆಯ ಮುಂದೆಯೇ, ಅದೂ ವಾರಕ್ಕೊಮ್ಮೆಯಾದರೂ ತಪ್ಪದೆ.

ನಾನು ಅತಿಥಿ ಉಪನ್ಯಾಸಕ. ಎರಡು ದಿನ ಹುಕ್ಕೇರಿ, ಎರಡು ದಿನ ಗೋಕಾಕ, ಉಳಿದೆರಡು ದಿನ ಮೂಡಲಗಿ. ಆರು ವರ್ಷದಿಂದ ಕೂತು ಚಹಾ ಕುಡಿದ ನೆನಪಿಲ್ಲ. ಕಪ್ ಕೈಯಲ್ಲಿ, ಕಣ್ಣು ಬಸ್ಸಿನ ಬೋರ್ಡಿನ ಮೇಲೆ. ಈ ವರ್ಷ ಮೂಡಲಗಿಯ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಆಡಳಿತ ಮಂಡಳಿಯ ಎದುರು ಒಂದು ಪಾಠ ಮಾಡಿ ತೋರಿಸಬೇಕು, ಅವರಿಗೆ ಹಿಡಿಸಿದರೆ ನೌಕರಿ. ಕೊಟ್ಟ ವಿಷಯ, ಕವಲಿರುವ ಆಲ್ಕೇನ್‌ಗಳಿಗೆ, ಅಂದರೆ ಕಾರ್ಬನ್ ಸರಪಳಿಗಳಿಗೆ, ಹೆಸರಿಡುವುದು. ಅದು ಗೊತ್ತಾದ ದಿನದಿಂದ ನಿಂತಲ್ಲಿ ನಿಲ್ಲಲಾಗದೆ, ಮೂರೂ ಊರಿನ ಮಕ್ಕಳ ಮೇಲೆ ಅದೇ ಪಾಠದ ತಾಲೀಮು ಶುರು ಮಾಡಿದೆ.

ಎಡದವನು, ಬಲದವನು

ಕಾರ್ಬನ್ ಸರಪಳಿಯಲ್ಲಿ ಕವಲು ಯಾವ ತುದಿಗೆ ಹತ್ತಿರವೋ ಆ ತುದಿಯಿಂದ ಎಣಿಸಬೇಕು. ಇದು ನಿಯಮ. ಹುಕ್ಕೇರಿಯಲ್ಲಿ ನಾಲ್ಕು ಲೆಕ್ಕ ಕೊಟ್ಟೆ. ಎರಡರಲ್ಲಿ ಕವಲು ಎಡಕ್ಕೆ, ಎರಡರಲ್ಲಿ ಬಲಕ್ಕೆ. ದಡ್ಡಿ ಎಂಬ ಹಳ್ಳಿಯಿಂದ ಬರುವ ಹುಡುಗ ನಾಲ್ಕನ್ನೂ ಎಡದಿಂದ ಎಣಿಸಿದ್ದ. ಎರಡು ಸರಿ, ಎರಡು ತಪ್ಪು. ಹತ್ತನೆಯವರೆಗೆ ಉರ್ದು ಸಾಲೆಯಲ್ಲಿ ಬಲದಿಂದ ಎಡಕ್ಕೆ ಓದಿದ ಇನ್ನೊಬ್ಬ ನಾಲ್ಕನ್ನೂ ಬಲದಿಂದ ಎಣಿಸಿದ್ದ. ಅವನಿಗೂ ಎರಡು ಸರಿ, ಎರಡು ತಪ್ಪು.

ನನಗೆ ಖುಷಿಯೋ ಖುಷಿ. ಒಬ್ಬನ ತಪ್ಪು ಇನ್ನೊಬ್ಬನಿಗೆ ಸರಿ! ಇಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿ, "ಒಬ್ಬರದೊಬ್ಬರು ನೋಡಿ ಕಲೀರಿ" ಎಂದು ಗೋಕಾಕದ ಬಸ್ಸಿಗೆ ಓಡಿದೆ.

ಮುಂದಿನ ವಾರ ಅವೇ ನಾಲ್ಕು ಲೆಕ್ಕ ಮತ್ತೆ ಕೊಟ್ಟೆ. ಈಗ ದಡ್ಡಿಯವನು ನಾಲ್ಕನ್ನೂ ಬಲದಿಂದ ಎಣಿಸಿದ್ದ, ಉರ್ದು ಸಾಲೆಯವನು ನಾಲ್ಕನ್ನೂ ಎಡದಿಂದ.

"ಏನ್ರೋ ಇದು?" ಎಂದು ಕೂಗಾಡಿದೆ.

"ಸರ, ನನ್ನ ತಪ್ಪೆಲ್ಲ ಇವಂದು ಬರೋಬರಿ ಇತ್ತಲ್ರಿ. ಅದಕ್ಕ ಇವನಂಗ ಮಾಡಿದ್ನಿ" ಎಂದ ಒಬ್ಬ.

"ನಾನೂ ಹಂಗ ರೀ ಸರ" ಎಂದ ಇನ್ನೊಬ್ಬ.

ಮೊದಲ ಪಂಕ್ತಿ

ಒಂದೇ ಸರಪಳಿಗೆ ಎರಡು ಬಗೆಯ ಕವಲಿದ್ದರೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಬರೆಯಬೇಕು. ಈಥೈಲ್ ಮೊದಲು, ಮೀಥೈಲ್ ಆಮೇಲೆ. ಗೋಕಾಕದ ತರಗತಿಯಲ್ಲಿ ಅಂಕಲಗಿಯ ಒಬ್ಬ ಹುಡುಗಿ ಎಷ್ಟು ಹೇಳಿದರೂ ಮೀಥೈಲನ್ನೇ ಮುಂದೆ ಬರೆಯುತ್ತಿದ್ದಳು. ಬಸ್ಸಿಗೆ ಹತ್ತೇ ನಿಮಿಷವಿತ್ತು, ನನ್ನ ತಾಳ್ಮೆಗೆ ಅಷ್ಟೂ ಇರಲಿಲ್ಲ.

"ಯಾಕವ್ವಾ, ಮೀಥೈಲ್ ಮ್ಯಾಲ ಅಷ್ಟು ಪ್ರೀತಿ?"

"ಸರ, ಮೀಥೈಲ್‌ಗೆ ಒಂದ ಕಾರ್ಬನ್, ಸಣ್ಣದು. ಈಥೈಲ್‌ಗೆ ಎರಡು, ದೊಡ್ಡದು. ನಮ್ಮನ್ಯಾಗ ಏನ ಕಾರ್ಯ ಇದ್ರೂ ಮೊದಲನೇ ಪಂಕ್ತಿ ಸಣ್ಣ ಹುಡುಗರದು ರೀ. ಹಸದಿರ್ತಾವಲ್ರಿ!"

ಇಲ್ಲಿ ಹಸಿವು ಲೆಕ್ಕಕ್ಕಿಲ್ಲ, ಹೆಸರಿನ ಮೊದಲ ಅಕ್ಷರವೊಂದೇ ಲೆಕ್ಕ ಎಂದು ವಿವರಿಸಿದೆ. ಅವಳು ಪೆನ್ನು ಕೆಳಗಿಟ್ಟಳು.

"ಹೆಸರು ಕೇಳಿ ಊಟಕ್ಕ ಕುಂಡ್ರಸ್ತಾರಂದ್ರ, ಇಂಥಾ ಮನಿತನಕ್ಕ ಯಾರು ಹೆಣ್ಣ ಕೊಡ್ತಾರ್ರಿ ಸರ?"

ಬಸ್ಸಿನ ಕಿಟಕಿಯ ವಂಶಾವಳಿ

ಪಾಠ ಒಪ್ಪಿಸುವ ದಿನ ಬೆಳಿಗ್ಗೆ ಮೂಡಲಗಿಯ ಬಸ್ಸು ಹತ್ತಿದೆ. ಕಿಟಕಿಯ ಗಾಜಿನ ಮೇಲೆ ಬೆರಳಾಡಿಸುವಷ್ಟು ಧೂಳಿತ್ತು. ಸುಮ್ಮನೆ ಕೂರಲಾಗದೆ ಅದರ ಮೇಲೆ ಐದು ಕಾರ್ಬನ್ನು ಸಾಲಾಗಿ ಬರೆದು, ಎರಡನೆಯದಕ್ಕೆ ಎರಡು ಕಾರ್ಬನ್ನಿನ ಕವಲು ಜೋತುಬಿಟ್ಟೆ. ಕೆಳಗೆ '2-ಈಥೈಲ್ ಪೆಂಟೇನ್' ಎಂದು ಹೆಸರೂ ಬರೆದೆ.

ಬಾಜೂಕ ಕೂತಿದ್ದ ಅಜ್ಜಿ ಬಹಳ ಹೊತ್ತು ನೋಡಿದಳು.

"ತಮ್ಮಾ, ಹೊಲ ಪಾಲು ಮಾಡೂ ವಾಟ್ನಿಗೆ ವಂಶಾವಳಿ ಬರಿಯಾಕತ್ತಿ ಏನ?"

ಹೂಂ ಎಂದುಬಿಟ್ಟೆ. ಬಸ್ಸಿನಲ್ಲಿ ಆಲ್ಕೇನ್ ವಿವರಿಸುವ ಶಕ್ತಿ ಇರಲಿಲ್ಲ.

"ಮತ್ತ ತಪ್ಪ ಬರದಿಯಲ್ಲೋ. ಈ ಮೂಲಿಯಾಗಿನವಗ ಮಕ್ಕಳಿಲ್ಲ, ಒಬ್ಬನ ಅದಾನ. ಕೆಳಗ ಇಳದವಂದು ಎರಡು ತಲಿಮಾರು ಐತಿ. ಉದ್ದ ಮನಿತನ ಅವಂದ. ಅವನ್ನ ಬಾಜೂಕ ಜೋತಬಿಟ್ರ ನಾಳಿ ಕೋರ್ಟಿಗೆ ಹೊಕ್ಕಾನ ನೋಡ!"

ಗಾಜು ನೋಡಿದೆ. ಕವಲಿನೊಳಗೆ ಇಳಿದು ಎಣಿಸಿದರೆ ಸರಪಳಿ ಆರು ಕಾರ್ಬನ್ನಿನದು. ಸರಿಯಾದ ಹೆಸರು 3-ಮೀಥೈಲ್ ಹೆಕ್ಸೇನ್. ಸರಪಳಿ ನೆಟ್ಟಗೇ ಇರಬೇಕಂತಿಲ್ಲ ಎಂದು ವರ್ಷವಿಡೀ ಮಕ್ಕಳಿಗೆ ಬೈದವನು ನಾನು. ಗಾಬರಿಯಲ್ಲಿ ಅಂಗೈಯಿಂದ ಎಲ್ಲ ಒರೆಸಿಬಿಟ್ಟೆ.

"ಹಂಗ್ಯಾಕ ಮಾಡಿದಿ?" ಅಜ್ಜಿ ಚೀರಿದಳು. "ಸಿಟ್ಟಿಗೆದ್ದು ಇಡೀ ವಂಶಾನ ತಗದಿಯಲ್ಲೋ!"

ಮಂಡಳಿಯ ಮುಂದೆ

ಮೂಡಲಗಿ ಕಾಲೇಜಿನ ಅಧ್ಯಕ್ಷರು ಕಬ್ಬು ಬೆಳೆಯುವ ಜೈನ ರೈತರು, ಕಾರ್ಯದರ್ಶಿಗಳೂ ರೈತರೇ. ಇಬ್ಬರ ಹೊಲಕ್ಕೂ ಒಂದೇ ಕಾಲುವೆ. ಕಾರ್ಯದರ್ಶಿಗಳ ಹೊಲ ಮೇಲಿನ ತುದಿಗೆ, ಅಧ್ಯಕ್ಷರದು ಕೊನೆಯ ತುದಿಗೆ. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಸರದಿ ಎಣಿಸುವುದು ಮೇಲಿನಿಂದ. ಅಧ್ಯಕ್ಷರ ಸರದಿ ಬರುವಷ್ಟರಲ್ಲಿ ಕಾಲುವೆಯಲ್ಲಿ ಕಪ್ಪೆಗೂ ನೀರಿರುವುದಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಪಾಠ ಮುಗಿದ ಮೇಲೆ.

ಹಲಗೆಯ ಮೇಲೆ ಆರು ಕಾರ್ಬನ್ನು ಬರೆದು ಬಲತುದಿಯಿಂದ ಎರಡನೆಯದಕ್ಕೆ ಮೀಥೈಲ್ ಹಚ್ಚಿದೆ. ಅಧ್ಯಕ್ಷರು ಮೊಬೈಲು ನೋಡುತ್ತಿದ್ದರು.

"ಇಲ್ಲಿ ನಾವು ಕೊನೆಯ ಕಡೆಯಿಂದ ಎಣಿಸಬೇಕು" ಎಂದೆ.

ಅಧ್ಯಕ್ಷರು ತಲೆ ಎತ್ತಿದರು. "ಏನಂದ್ರಿ? ಕೊನೀ ಕಡಿಂದ?"

"ಅದ್ಹೆಂಗ ಸಾಧ್ಯ ರೀ?" ಕಾರ್ಯದರ್ಶಿಗಳು ಎದ್ದೇ ನಿಂತರು. "ಎಲ್ಲಾ ಕಡೆ ಎಣಸೂದು ಮ್ಯಾಲಿಂದ. ಒರಸ್ರಿ, ಮೊದಲಿಂದ ಎಣಸ್ರಿ."

ಎಡದಿಂದ ಎಣಿಸಿದರೆ ನೌಕರಿ ಸಿಗಬಹುದು, ಉತ್ತರ ತಪ್ಪಾಗುತ್ತದೆ. ಆರು ವರ್ಷದ ಬಸ್ಸುಗಳೆಲ್ಲ ಕಣ್ಣ ಮುಂದೆ ಹಾದುಹೋದವು. ನಾನು ಒರೆಸಲಿಲ್ಲ.

"ಆಗೂದಿಲ್ಲ ರೀ. ಕವಲು ಕೊನೀ ತುದಿಗೆ ಹತ್ರ ಐತಿ. ಮ್ಯಾಲಿಂದ ಎಣಿಸಿದ್ರ ಐದನೇ ನಂಬರ್, ಕೆಳಗಿಂದ ಎಣಿಸಿದ್ರ ಎರಡನೇ ನಂಬರ್. ಸಣ್ಣ ನಂಬರ್ ಬರೂ ತುದಿಂದನ ಎಣಸಬೇಕು, 2-ಮೀಥೈಲ್ ಹೆಕ್ಸೇನ್ ಅನ್ನಬೇಕು."

ಅಧ್ಯಕ್ಷರು ಹಲಗೆಯ ಹತ್ತಿರ ಬಂದು ಆ ಮೀಥೈಲನ್ನು ಬೆರಳಿನಿಂದ ಮುಟ್ಟಿದರು.

"ಖರೆ ಹೇಳ್ರಿ ಮಾಸ್ತರ್ರ, ಈ ಕಾನೂನು ಯಾರು ಮಾಡಿದ್ದು?"

"ಜಗತ್ತಿನ ವಿಜ್ಞಾನಿಗಳೆಲ್ಲ ಕೂಡಿ ಮಾಡ್ಯಾರ್ರಿ."

"ಕೇಳಿದ್ರಿ?" ಅಧ್ಯಕ್ಷರು ಕಾರ್ಯದರ್ಶಿಗಳತ್ತ ತಿರುಗಿದರು. "ಜಗತ್ತ ಒಪ್ಪೇತಿ, ನೀವೊಬ್ರ ಒಪ್ಪವಲ್ರಿ. ನೌಕರಿ ಇವರ್ದ. ಬರಕೊಳ್ರಿ."

ನನಗೆ ಅಳು ಬಂತು. ಇನ್ನು ಓಡಾಟ ಮುಗಿಯಿತು, ನಾಳೆಯಿಂದ ಕೂತು ಚಹಾ ಕುಡಿಯಬಹುದು! ಕೈಮುಗಿದು, "ಯಾವಾಗ ಹಾಜರಾಗ್ಲಿ ರೀ?" ಎಂದೆ.

"ನಾಳಿನ ಬರ್ರಿ. ಆದ್ರ ಮೊದಲನೇ ಪಾಠ ಕಾಲೇಜಿನಾಗ ಅಲ್ರಿ" ಎಂದು ಅಧ್ಯಕ್ಷರು ಗೋಡೆಯಿಂದ ಹಲಗೆ ಕೆಳಗಿಳಿಸಿದರು. "ಇದನ್ನ ಹೊತಗೊಂಡು ಹಿಡಕಲ್ ಬಸ್ ಹತ್ರಿ. ನೀರಾವರಿ ಇಂಜಿನೀಯರ್ರಿಗೆ ಕಲಸೂದೈತಿ."