ಕೆರೆ ಏರಿಯ ಮೇಲೆ ನಾನೂ ನಮ್ಮತ್ತೆಯೂ

ಗಂಡಸೊಬ್ಬ ಕೆರೆ ಏರಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುಮ್ಮನೆ ಕೂತಿದ್ದರೂ ಲೋಕ ಅವನನ್ನು ಏನೂ ಕೇಳುವುದಿಲ್ಲ. ಗಾಳಿ ಸೇವನೆಗೆ ಬಂದಿದ್ದಾನೆ ಎಂದುಕೊಂಡು ಜನ ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಅದೇ ಜಾಗದಲ್ಲಿ ಸಂಸಾರಸ್ಥ ಹೆಂಗಸೊಬ್ಬಳು ಸ್ವಲ್ಪ ಹೊತ್ತು ಒಬ್ಬಳೇ ಕೂತು ನೋಡಲಿ. ಮೊದಲು ಬಂದವರು ಯಾರಿಗೆ ಕಾಯುತ್ತಿದ್ದೀಯಮ್ಮ ಎನ್ನುತ್ತಾರೆ. ಆಮೇಲೆ ಬಂದವರು ಮನೆಯಲ್ಲಿ ಏನಾದರೂ ಜಗಳವೇ ಎನ್ನುತ್ತಾರೆ. ಅದಕ್ಕೂ ಆಮೇಲೆ ಬಂದವರು ಏನೂ ಕೇಳದೆ ಒಮ್ಮೆ ಅವಳ ಮುಖವನ್ನೂ ಒಮ್ಮೆ ನೀರನ್ನೂ ನೋಡಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ನಿಂತುಕೊಳ್ಳುತ್ತಾರೆ. ಇದನ್ನೆಲ್ಲ ನಾನು ಹಲಸೂರು ಕೆರೆಯ ಏರಿಯ ಮೇಲೆ ಕೂತು ಅನುಭವಿಸಿ ಹೇಳುತ್ತಿದ್ದೇನೆ. ಕೈಯಲ್ಲಿ ಬ್ರಷ್ ಇತ್ತು, ತೊಡೆಯ ಮೇಲೆ ಹಲಗೆ ಇತ್ತು, ಪಕ್ಕದಲ್ಲಿ ಬಣ್ಣದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಇಷ್ಟಿದ್ದರೂ ಈ ಹೆಂಗಸು ಚಿತ್ರ ಬರೆಯಲು ಬಂದಿದ್ದಾಳೆ ಎಂಬುದೊಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮ ಮನೆ ಹಲಸೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ನಮ್ಮವರಿಗೆ ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಕಾರ್ಖಾನೆಯ ಬಸ್ಸು ಬಂದು ಅವರನ್ನು ಎತ್ತಿಕೊಂಡು ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ನಮ್ಮತ್ತೆ. ನನಗೆ ಚಿಕ್ಕಂದಿನಿಂದಲೂ ಚಿತ್ರದ ಹುಚ್ಚು. ಹುಚ್ಚೆಂದರೆ, ಕ್ಯಾಲೆಂಡರಿನಲ್ಲಿದ್ದುದನ್ನು ನೋಡಿಕೊಂಡು ಬರೆಯುವುದು. ಹಿಮದ ಬೆಟ್ಟ, ಅದರ ಬುಡದಲ್ಲೊಂದು ಸರೋವರ, ಸರೋವರದಲ್ಲಿ ಎರಡು ಹಂಸ. ನಮ್ಮ ಬೀದಿಯ ಎಷ್ಟೋ ಮನೆಗಳ ಗೋಡೆಯ ಮೇಲೆ ನನ್ನ ಹಂಸಗಳು ಈಜುತ್ತಿದ್ದವು. ಹೀಗಿರುವಾಗ ನಮ್ಮ ಮಹಿಳಾ ಸಮಾಜಕ್ಕೆ ಸುಲೋಚನಾ ಟೀಚರು ಬಂದರು.

ಸುಲೋಚನಾ ಟೀಚರು ಒಂದೂರಿನಲ್ಲಿ ನೆಲೆ ನಿಲ್ಲುವವರಲ್ಲ. ಒಂದು ಟ್ರಂಕು, ಒಂದು ಮಡಚುವ ಸ್ಟೂಲು, ತಲೆಯ ಮೇಲೊಂದು ಹುಲ್ಲಿನ ಟೋಪಿ, ಇಷ್ಟೇ ಅವರ ಸಂಸಾರ. ಒಂದೂರಿಗೆ ಹೋಗಿ ಕೆಲವು ತಿಂಗಳು ಹೆಂಗಸರಿಗೂ ಶಾಲೆಯ ಹುಡುಗಿಯರಿಗೂ ಚಿತ್ರಕಲೆ ಹೇಳಿಕೊಡುವುದು, ಉಳಿದ ಹೊತ್ತಿನಲ್ಲಿ ಆ ಊರಿನ ಬೆಟ್ಟವನ್ನೋ ಹೊಳೆಯನ್ನೋ ಎದುರಿಗೆ ಕೂತು ಬರೆಯುವುದು, ಆಮೇಲೆ ಇನ್ನೊಂದೂರು. ಬೆಂಗಳೂರಿನಲ್ಲಿ ಲಿಂಗರಾಜಪುರದಲ್ಲೊಂದು ಕೋಣೆ ಹಿಡಿದಿದ್ದರು. ವಯಸ್ಸು ನಲವತ್ತರ ಹತ್ತಿರ ಇದ್ದೀತು, ಮದುವೆಯಾಗಿರಲಿಲ್ಲ. ಏಕೆ ಆಗಲಿಲ್ಲವೆಂದು ನಮ್ಮ ಸಮಾಜದವರು ಬಿಡದೆ ಕೇಳಿದಾಗ, "ಟ್ರಂಕಲ್ಲಿ ಜಾಗ ಇರ್ಲಿಲ್ಲ ಕಣ್ರೀ" ಎಂದು ನಕ್ಕುಬಿಟ್ಟರು. ನಾನು ಹೆಮ್ಮೆಯಿಂದ ನನ್ನ ಹಂಸಗಳನ್ನು ತೋರಿಸಿದೆ. ಟೀಚರು ಬಹಳ ಹೊತ್ತು ನೋಡಿ, "ಈ ಬೆಟ್ಟ ನೀವು ನೋಡಿದೀರಾ ಲಲಿತಾ?" ಎಂದರು. ಇಲ್ಲ ಎಂದೆ. "ಹಂಸ?" ಅದನ್ನೂ ನೋಡಿರಲಿಲ್ಲ. "ನಿಮ್ಮನೆ ಹತ್ರ ಏನಿದೆ?" ಕೆರೆ ಇದೆ ಎಂದೆ. "ಅದರ ನೀರು ಯಾವ ಬಣ್ಣ?" ನಾನು ಕೂಡಲೇ ನೀಲಿ ಎಂದೆ. ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿದ್ದವರೆಲ್ಲರೂ ನೀಲಿಯೆಂದೇ ತಿಳಿದಿದ್ದರು. ಮಾರನೆಯ ದಿನ ಸೊಪ್ಪು ತರುವ ನೆವದಲ್ಲಿ ಹೋಗಿ ನೋಡಿದೆ. ಎಮ್ಮೆಗಳು ಮಿಂದೇಳುತ್ತಿದ್ದ ಆ ನೀರು ಒಂದು ಕಡೆ ಹೆಸರುಬೇಳೆಯ ಕಟ್ಟಿನಂತೆ, ಒಂದು ಕಡೆ ಹಳೆಯ ತಾಮ್ರದ ಚೊಂಬಿನಂತೆ, ನಡುಗಡ್ಡೆಯ ಮರಗಳ ನೆರಳು ಬಿದ್ದಲ್ಲಿ ಕಪ್ಪಗೆ ಇತ್ತು. ನೀಲಿ ಮಾತ್ರ ಎಲ್ಲೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಆ ಕೆರೆಯ ಪಕ್ಕದಲ್ಲೇ ಓಡಾಡಿಕೊಂಡಿದ್ದೆ!

ಹೊರಗೆ ಕೂತು ಬರೆಯುವ ಹಂಬಲ ಹುಟ್ಟಿದ್ದು ಹಾಗೆ. ಶಿವಾಜಿನಗರಕ್ಕೆ ಹೋಗಿ ಹೊಸ ಬಣ್ಣದ ಡಬ್ಬಿ ತಂದು, ಒಂದು ಮಧ್ಯಾಹ್ನ ಅತ್ತೆಯವರು ಮಲಗಿದ ಮೇಲೆ ಏರಿಗೆ ಹೋಗಿ ಕೂತೆ. ಆಗ ಆದದ್ದನ್ನು ಮೊದಲೇ ಹೇಳಿದೆನಲ್ಲ. ಕೊನೆಗೆ ಬಂದವರು ಒಬ್ಬ ಹಿರಿಯರು, ಕೋಟು ಟೊಪ್ಪಿಗೆ ಹಾಕಿ ಕೊಡೆ ಹಿಡಿದವರು. "ನೋಡು ತಾಯಿ, ಏನೇ ಕಷ್ಟ ಇದ್ರೂ ಮನೇಗೆ ಹೋಗು. ನಾಳೆ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ" ಎಂದರು. ನಾನು ಚಿತ್ರ ಬರೀತಿದೀನಿ ಎಂದೆ. "ಆಯ್ತು, ಮನೇಲಿ ಕೂತ್ಕೊಂಡು ಬರಿಯಮ್ಮ" ಎಂದು ನನ್ನ ಡಬ್ಬಿಯನ್ನು ತಾವೇ ಎತ್ತಿಕೊಂಡು, ನನ್ನನ್ನು ಮುಂದೆ ಬಿಟ್ಟು, ಮನೆಯವರೆಗೂ ಬಂದರು. ಬಂದವರು ಸುಮ್ಮನೆ ಹೋಗಬಾರದೇ? ಬಾಗಿಲು ತೆರೆದ ನಮ್ಮತ್ತೆಗೆ ಕೈ ಮುಗಿದು, "ಸೊಸೇನ ಸ್ವಲ್ಪ ಚೆನ್ನಾಗಿ ನೋಡ್ಕೊಳ್ಳಿ ತಾಯಿ. ವಯಸ್ಸಿನ ಹುಡುಗಿ, ಮನಸ್ಸು ಸೂಕ್ಷ್ಮ" ಎಂದು ಬುದ್ಧಿ ಹೇಳಿ ಹೋದರು.

ನಮ್ಮತ್ತೆಯ ಮುಖವನ್ನು ಆಗ ನೋಡಬೇಕಿತ್ತು. ಇಡೀ ಹಲಸೂರಿನಲ್ಲಿ ಸೊಸೆಗೆ ಗದರದ ಅತ್ತೆ ಎಂದು ಹೆಸರಾಗಿದ್ದವರು ಅವರು. "ನಿಂಗೆ ಈ ಮನೇಲಿ ಏನು ಕಡಿಮೆ ಮಾಡಿದೀನೇ?" ಎಂದು ಶುರುಮಾಡಿದವರು ನಮ್ಮವರು ಕಾರ್ಖಾನೆಯಿಂದ ಬರುವವರೆಗೂ ನಿಲ್ಲಿಸಲಿಲ್ಲ. ಎಲ್ಲ ಮುಗಿದು, ಇನ್ನು ಬಣ್ಣದ ಡಬ್ಬಿ ಅಟ್ಟ ಸೇರಿದಂತೆಯೇ ಎಂದು ನಾನು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅವರೇ ತೀರ್ಪು ಕೊಟ್ಟರು: "ನಾಳೆಯಿಂದ ನಾನೂ ಬರ್ತೀನಿ. ಅತ್ತೆ ಸೊಸೆ ಇಬ್ರೂ ಒಟ್ಟಿಗೆ ಕೂತಿರೋದನ್ನ ಊರು ನೋಡ್ಲಿ."

ಅಂದಿನಿಂದ ನಾವಿಬ್ಬರೂ ಏರಿಯ ಮೇಲೆ. ಅವರಿಗೊಂದು ಚಾಪೆ, ಒಂದು ಕೊಡೆ, ಬಿಡಿಸಲು ಒಂದು ಮೊರದ ತುಂಬ ಅವರೆಕಾಯಿ. ಹಿಂದೆ ನಿಂತು ಕುತ್ತಿಗೆಯ ಮೇಲೆ ಉಸಿರು ಬಿಡುವವರನ್ನು, "ನೋಡಿದ್ದಾಯ್ತಲ್ಲ, ನಡೀರಪ್ಪಾ, ಬೆಳಕಿಗೆ ಅಡ್ಡ" ಎಂದು ಓಡಿಸುತ್ತಿದ್ದರು. ಕೆಲವು ದಿನಗಳಲ್ಲಿ ಓಡಿಸುವುದು ಹೋಗಿ ವಿವರಿಸುವುದು ಬಂತು. ಹೂ ಮಾರುವ ಸೆಲ್ವಿ ಬುಟ್ಟಿ ಇಳಿಸಿ, "ದೊಡ್ಡಮ್ಮಾ, ಇದು ನಮ್ಮ ಕೆರೆಯಾ?" ಎಂದರೆ, "ಇನ್ನೂ ಆಗಿಲ್ಲ, ಸಂಜೆ ಹೊತ್ತಿಗೆ ಆಗುತ್ತೆ" ಎನ್ನುತ್ತಿದ್ದರು. ಶಿವಾಜಿನಗರದ ಜಟಕಾ ಸಾಬಿ ಒಂದು ದಿನ ಗಾಡಿ ನಿಲ್ಲಿಸಿ, "ಅಮ್ಮಾ, ನಮ್ದು ಕುದ್ರೇನೂ ಒಂದ್ ಸೈಡಲ್ಲಿ ಹಾಕಿ" ಎಂದ. "ಸುಮ್ನೆ ನಿಲ್ಲತ್ತೇನಪ್ಪಾ ನಿನ್ ಕುದ್ರೆ?" ಎಂದು ಅತ್ತೆಯವರು ಕೇಳಿದರು. "ಅದಕ್ಕೆ ಸುಮ್ನೆ ನಿಲ್ಲೋದು ಒಂದೇ ಬರೋದು, ಅಮ್ಮಾ. ಓಡು ಅಂದ್ರೇನೇ ಕಷ್ಟ" ಎಂದ ಅವನು. ನನ್ನ ಚಿತ್ರದಲ್ಲೂ ಅವರ ಕೈ ಸೇರತೊಡಗಿತು. "ಆ ಮೂಲೆ ಯಾಕೇ ಬೋಳಾಗಿ ಬಿಟ್ಟಿದೀಯಾ? ರಂಗೋಲಿ ಆಗಿದ್ರೆ ಅಲ್ಲೊಂದು ಬಳ್ಳಿ ಎಳೀತಿದ್ದೆ" ಎನ್ನುವರು. ಅದು ಆಕಾಶ ಅತ್ತೆ, ಅಲ್ಲಿ ಬಳ್ಳಿ ಬರಲ್ಲ ಎಂದರೆ, "ಬಂದ್ರೆ ಏನಾಗುತ್ತೆ?" ಎನ್ನುವರು. ನಮ್ಮ ಪಾಠ ನೋಡಲು ಆಗಾಗ ಬರುತ್ತಿದ್ದ ಟೀಚರಿಗೆ ಇದರಲ್ಲಿ ಬಹಳ ಖುಷಿ. ಅವರು ಅತ್ತೆಯವರ ಚಾಪೆಯ ಮೇಲೆ ಕೂತು ತಾವೂ ಅವರೆಕಾಯಿ ಬಿಡಿಸುತ್ತ ಊರೂರಿನ ಕಥೆ ಹೇಳುತ್ತಿದ್ದರು.

ಕಾರವಾರದ ಸಮುದ್ರದ ವಿಷಯ ಬಂದದ್ದು ಅಂಥ ಒಂದು ಸಂಜೆ. ಬೆಳಗ್ಗೆ ಅದು ವಿಭೂತಿಯ ಬಣ್ಣವಂತೆ, ಮಧ್ಯಾಹ್ನ ಹಸಿರಂತೆ, ಸೂರ್ಯ ಮುಳುಗುವಾಗ ಒಂದು ಗಳಿಗೆ ನೇರಳೆಹಣ್ಣಿನ ರಸ ಚೆಲ್ಲಿದ ಹಾಗೆ ಆಗುತ್ತದಂತೆ. "ಬ್ರಷ್ ಅದ್ದೋಷ್ಟರಲ್ಲಿ ಹೋಗ್ಬಿಡುತ್ತೆ. ಅದನ್ನ ಹಿಡಿಯೋಕೆ ಮತ್ತೆ ಹೋಗ್ಬೇಕು" ಎಂದರು ಟೀಚರು. ನಾನು ಸಮುದ್ರವನ್ನು ನೋಡಿದವಳೇ ಅಲ್ಲ. ಅಂದಿನಿಂದ ನನ್ನ ಮನಸ್ಸು ಹಲಸೂರಿನಲ್ಲಿ ನಿಲ್ಲಲಿಲ್ಲ. ಅನ್ನ ಬಸಿಯುವಾಗ, ಬಟ್ಟೆ ಒಗೆಯುವಾಗ, ಎಲ್ಲಿ ನೊರೆ ಕಂಡರೂ ಕೈ ನಿಂತುಬಿಡುತ್ತಿತ್ತು. ಕಂಟೋನ್ಮೆಂಟ್ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿದರೆ ಎದೆಯೊಳಗೆ ಏನೋ ಎದ್ದು ನಿಲ್ಲುತ್ತಿತ್ತು. "ಅದು ಮದ್ರಾಸಿಗೆ ಹೋಗೋ ರೈಲು, ಕಾರವಾರಕ್ಕಲ್ಲ" ಎಂದು ನಮ್ಮವರು ತಿಳಿಹೇಳುತ್ತಿದ್ದರು. ಮದ್ರಾಸಿನಲ್ಲೂ ಸಮುದ್ರ ಇದೆಯಲ್ಲ ಎಂದರೆ, "ಅದು ಬೇರೆ ಸಮುದ್ರ" ಎಂದು ಪೇಪರಿನೊಳಗೆ ಮುಖ ಹಾಕುತ್ತಿದ್ದರು. ಅತ್ತೆಯವರು ಮಾತ್ರ ಒಂದು ಸಲ, ಆಚೆ ದಡವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, "ಲಲಿತಾ, ಸಮುದ್ರಕ್ಕೆ ಆಚೆ ದಡ ಕಾಣಲ್ವಂತೆ, ಹೌದಾ?" ಎಂದರು. ಹೌದಂತೆ ಅತ್ತೆ ಎಂದೆ. "ಹಾಗಾದ್ರೆ ಕಣ್ಣು ಎಲ್ಲಿಡೋದು?" ಎಂದರು.

ಬೆಂಗಳೂರಿನ ಪಾಠಗಳು ಮುಗಿಯುತ್ತ ಬಂದವು. ಟೀಚರು ಮುಂದೆ ಹೋಗುವುದು ಹೊನ್ನಾವರ, ಕುಮಟಾ, ಕಾರವಾರದ ಶಾಲೆಗಳಿಗೆಂದು ಗೊತ್ತಾಯಿತು. ಜೊತೆಗೆ ಒಬ್ಬರು ಬೇಕು, ನಿಮ್ಮನೆಗೆ ಬಂದು ಮಾತಾಡ್ತೀನಿ ಎಂದೂ ಅಂದರು. ನಾನು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಹೇಳಲಾರೆ. ಆ ರಾತ್ರಿ ನಮ್ಮವರಿಗೆ ಅವರ ಪ್ರೀತಿಯ ಹುಳಿ ಮಾಡಿ ಬಡಿಸಿ ವಿಷಯ ತೆಗೆದೆ. "ಹೋಗ್ಬೇಕು ಅಂದ್ರೆ ಹೋಗ್ಬಾ. ಅಡುಗೆಗೆ ಅಮ್ಮ ಇದಾರಲ್ಲ" ಎಂದರು. ಇಷ್ಟು ಸುಲಭವೇ! ನಾನು ಮನಸ್ಸಿನಲ್ಲೇ ಸೀರೆ ಆರಿಸಿದೆ, ಬ್ರಷ್ಷುಗಳನ್ನು ತೊಳೆದು ಒಣಗಿಸಿದೆ, ನೇರಳೆ ಬಣ್ಣಕ್ಕೆ ಯಾವುದರ ಜೊತೆ ಯಾವುದು ಬೆರೆಸಬೇಕೆಂದು ಕಾಗದದ ಚೂರುಗಳ ಮೇಲೆ ತೀಡಿ ತೀಡಿ ನೋಡಿದೆ.

ಭಾನುವಾರ ಟೀಚರು ಬಂದರು. ನಾನು ರೇಷ್ಮೆ ಸೀರೆ ಉಟ್ಟು ಕಾಫಿ ತಂದುಕೊಟ್ಟು ತಲೆ ತಗ್ಗಿಸಿ ನಿಂತೆ, ಹೆಣ್ಣು ನೋಡಲು ಬಂದ ದಿನ ನಿಂತಿದ್ದ ಹಾಗೆಯೇ. ಟೀಚರು ಲೋಟ ಕೆಳಗಿಟ್ಟು, "ಲಲಿತಾ, ನೀವು ಇಲ್ಲ ಅನ್ನಬಾರದು. ಎರಡು ತಿಂಗಳ ಮಟ್ಟಿಗೆ ನಿಮ್ಮತ್ತೇನ ನಂಜೊತೆ ಕಳಿಸ್ಕೊಡಿ" ಎಂದರು.

ಅತ್ತೆಯವರು ನನ್ನನ್ನು ನೋಡಿದರು, ನಾನು ಕಾಫಿ ತಟ್ಟೆಯನ್ನು ನೋಡಿದೆ. ಟೀಚರು ತಮ್ಮ ಕಷ್ಟ ಹೇಳಿಕೊಂಡರು. ಒಂಟಿ ಹೆಂಗಸಿಗೆ ಊರುಗಳಲ್ಲಿ ರೂಮು ಕೊಡುವುದಿಲ್ಲ, ಬರೆಯಲು ಕೂತರೆ ಜನ ಬಿಡುವುದಿಲ್ಲ. "ಇಬ್ರು ಪ್ರಾಯದವರು ಹೋದ್ರೆ ಕಷ್ಟ ಎರಡರಷ್ಟಾಗುತ್ತೆ ಅಷ್ಟೇ. ಇವರಂಥ ಹಿರಿಯರು ಒಬ್ರು ಜೊತೇಲಿದ್ರೆ ಸಾಕು. ಅಮ್ಮ ಜನಾನ ನಿಭಾಯಿಸೋದು ನಾನೇ ನೋಡಿದೀನಲ್ಲ." ನಮ್ಮವರು ಪೇಪರಿನಿಂದ ತಲೆ ಎತ್ತಿ, "ಹೋಗ್ಬರ್ಲಿ ಬಿಡಿ. ಅಡುಗೆಗೆ ಲಲಿತಾ ಇದಾಳಲ್ಲ" ಎಂದರು. ಅತ್ತೆಯವರು, "ಅಯ್ಯೋ, ನಾನೇನು ಮಾಡ್ಲಿ ಅಲ್ಲಿ? ಇವಳು ಹೋಗ್ಲಿ" ಎಂದೇನೋ ಅಂದರು. ಆದರೆ ಅವರ ಕಣ್ಣು ಆಗಲೇ ಎಲ್ಲೋ ಇತ್ತು. ಆ ಕಣ್ಣನ್ನು ನೋಡಿದ ಮೇಲೆ ನಾನೇ, "ಹೋಗ್ಬನ್ನಿ ಅತ್ತೆ" ಎಂದೆ. ಅಷ್ಟು ಹೇಳಿ ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ. ಅಂದು ಈರುಳ್ಳಿಯ ಅಡುಗೆ ಇರಲಿಲ್ಲ.

ಆ ಎರಡು ತಿಂಗಳು ನಾನು ಹೇಗಿದ್ದೆನೆಂದು ಕೇಳಬೇಡಿ. ಅಂಚೆಯವನ ಸೈಕಲ್ ಗಂಟೆಗೆ ಓಡುತ್ತಿದ್ದೆ. ಟೀಚರ ಅಕ್ಷರ, ಅತ್ತೆಯವರ ಮಾತು: "ಇಲ್ಲಿ ಅಕ್ಕಿ ಕೆಂಪು. ಪ್ರತಿಯೊಂದಕ್ಕೂ ಕಾಯಿ ಹಾಕುತ್ತಾರೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು ಮರೆಯಬೇಡ. ಸಮುದ್ರ ನೋಡಿದೆ. ದೊಡ್ಡದಾಗಿದೆ." ದೊಡ್ಡದಾಗಿದೆ! ಬಣ್ಣ ಹೇಗಿತ್ತು, ಸಂಜೆ ಏನಾಯಿತು, ಒಂದು ಅಕ್ಷರ ಇಲ್ಲ. ಒಮ್ಮೆ ತಡೆಯಲಾರದೆ ಏರಿಗೆ ಹೋದೆ. ಈಗ ನನ್ನನ್ನು ಯಾರೂ ಅನುಮಾನದಿಂದ ನೋಡಲಿಲ್ಲ ನಿಜ. ಆದರೆ ಸೆಲ್ವಿ, "ದೊಡ್ಡಮ್ಮ ಎಲ್ಲಿ?" ಎಂದಳು. ಜಟಕಾದವನೂ ಗಾಡಿ ನಿಲ್ಲಿಸಿ, "ದೊಡ್ಡ ಅಮ್ಮ ಬರ್ಲಿಲ್ವಾ?" ಎಂದ. ಬಂದು ಹೋದವರೆಲ್ಲ ಅದನ್ನೇ ಕೇಳಿದರು. ಖಾಲಿ ಜಾಗದ ಪಕ್ಕದಲ್ಲಿ ಕೂತು ಬರೆಯಲು ಮನಸ್ಸಾಗದೆ ಎದ್ದು ಬಂದೆ. ಮನೆಯಲ್ಲೇ ಕೂತು, ಕಾಣದ ಸಮುದ್ರವನ್ನು ನೇರಳೆಯಲ್ಲಿ ಅದ್ದಿ ಅದ್ದಿ ಬರೆದೆ. ನಮ್ಮವರು ಬಂದು ನೋಡಿ, "ಕೆರೆ ಚೆನ್ನಾಗಿ ಬಂದಿದೆ" ಎಂದರು.

ಅತ್ತೆಯವರು ಬಿಸಿಲಿಗೆ ಕಪ್ಪಾಗಿ, ಮಾತಿನಲ್ಲಿ ಅಲ್ಲಿಯ ರಾಗವನ್ನು ಸ್ವಲ್ಪ ಅಂಟಿಸಿಕೊಂಡು ಮರಳಿದರು. ಟೀಚರು ಬರಲಿಲ್ಲ. ಅಲ್ಲಿಂದ ಇನ್ನೂ ಮುಂದಿನ ಊರಿಗೆ ಹೊರಟುಹೋದರಂತೆ. ಆಮೇಲೂ ಅವರು ಬೆಂಗಳೂರಿಗೆ ಬರಲೇ ಇಲ್ಲ. ಬೀದಿಯವರೆಲ್ಲ ಬಂದು ಸಮುದ್ರದ ಸುದ್ದಿ ಕೇಳಿಕೊಂಡು ಹೋದ ಮೇಲೆ, ಅತ್ತೆಯವರು ಹಾಸಿಗೆಯ ಸುರುಳಿ ಬಿಚ್ಚಿ ಅದರೊಳಗಿಂದ ಒಂದು ಕಾಗದ ತೆಗೆದರು. "ಟೀಚರ್ ಬಿಡ್ಲಿಲ್ಲ ಕಣೇ. ದಿನಾ ಕೂತು ಸುಮ್ನೆ ನೋಡ್ತೀರಲ್ಲ, ಒಂದು ಬರೀರಿ ಅಂದ್ರು. ನಗ್ಬೇಡ."

ರಂಗೋಲಿಯ ಗೆರೆಗಳಂತೆ ತಡವರಿಸದೆ ಎಳೆದ ನಾಲ್ಕು ಅಲೆಗಳು. ಮೇಲೆ, ಆಕಾಶದ ಮೂಲೆಯಲ್ಲಿ, ಒಂದು ಬಳ್ಳಿ. ದಡದಲ್ಲಿ ಇಬ್ಬರು ಹೆಂಗಸರು. ಟೋಪಿಯವರು ಟೀಚರೆಂದು ತಿಳಿಯಿತು. ಅವರ ಪಕ್ಕದಲ್ಲಿ, ಅವರ ಎರಡರಷ್ಟು ಗಾತ್ರದವರೊಬ್ಬರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದರು.

"ಇದು ಯಾರತ್ತೆ, ನೀವಾ?"

"ನಾನು ಹೆಂಗೇ ಬರ್ತೀನಿ ಅದ್ರಲ್ಲಿ? ಬರೀತಿದ್ದೋಳು ನಾನಲ್ವಾ? ಅದು ನೀನು."

ಎಷ್ಟೋ ಹೇಳಬೇಕೆಂದು ಬಾಯಿ ತೆರೆದರೆ ಹೊರಗೆ ಬಂದದ್ದು ಇಷ್ಟೇ: "ನಾನು ಇಷ್ಟೊಂದು ದಪ್ಪ ಇದೀನಾ ಅತ್ತೆ?"

"ದೂರದಲ್ಲಿರೋದನ್ನ ಚಿಕ್ಕದಾಗಿ ಬರೀಬೇಕು, ಹತ್ರ ಇರೋದನ್ನ ದೊಡ್ಡದಾಗಿ ಬರೀಬೇಕು ಅಂತ ಟೀಚರ್ ಹೇಳ್ಕೊಟ್ರು. ಹಾಗೇ ಬರ್ದಿದೀನಿ" ಎಂದು ಅತ್ತೆಯವರು ಕಾಲು ತೊಳೆಯಲು ಬಚ್ಚಲಿಗೆ ಹೋದರು.

ನಾನು ಇಂದಿಗೂ ಕಾರವಾರ ನೋಡಿಲ್ಲ. ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ತಪ್ಪದೆ ಅದರ ಮುಂದೆ ನಿಂತು ಯಾರು ಬರೆದದ್ದೆಂದು ಕೇಳುತ್ತಾರೆ. ನಮ್ಮತ್ತೆ ಎನ್ನುತ್ತೇನೆ. "ಮನೇಲೇ ಇಂಥೋರು ಇದ್ರಲ್ಲ, ನೀವೂ ಅವರ ಹತ್ರ ಒಂದಿಷ್ಟು ಕಲೀಬಹುದಿತ್ತು" ಎಂದು ನನ್ನನ್ನು ನೋಡಿ ಮರುಗುತ್ತಾರೆ.